‘ಎರಡಿಂಚು ನೀರು’ ಅಂದರೆ ಎಷ್ಟು?

ಸಂತೆಬಾಚಹಳ್ಳಿ ಕಡೆ ಬೋರ್ ಕೊರೆಸಿದವರನ್ನು ಕೇಳಿ, ‘ಎರಡಿಂಚು ನೀರು ಬಿದ್ದಿದೆ’ ಅಂತಾರೆ. ಇಂಚು ಉದ್ದದ ಅಳತೆ. ನೀರಿನ ಇಳುವರಿ ತಿಳಿಯಲು ಅದೊಂದೇ ಸಾಲದು.

ಮೀಟರ್, ಕಿಲೋಗ್ರಾಂ, ಸೆಕೆಂಡು ಇವು ಮೂಲಮಾನಗಳು. ವಿಜ್ಞಾನದಲ್ಲಿ ಇಂಥವು ಒಟ್ಟು 7. ಇವನ್ನು ಗುಣಿಸಿ, ಭಾಗಿಸಿ ಬರುವುದೇ ಸಾಧಿತಮಾನ. ನಮ್ಮ ಗುಂಟೆ 33 ಅಡಿಗೆ 33 ಅಡಿ. ಉದ್ದವನ್ನೇ ಎರಡು ಸಲ ಬಳಸಿದ್ದು. ನಾಲೆಯ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಅದರಲ್ಲಿ ಉದ್ದವೂ ಇದೆ, ಕಾಲವೂ ಇದೆ.

ಬೋರಿನವರ ಇಂಚು ‘ವಿ’ ಕಚ್ಚಿನ ತಗಡಿನಲ್ಲಿ ಹರಿಯುವ ನೀರಿನ ಎತ್ತರ. ಅದು ಒಂದಿಂಚಿನಿಂದ ಎರಡಿಂಚಾದರೆ ನೀರು ಎರಡು ಪಟ್ಟಲ್ಲ, ಐದೂವರೆ ಪಟ್ಟಿಗೂ ಹೆಚ್ಚು! ಪೈಪಿನ ಇಂಚೆಂದುಕೊಂಡು ಮೋಟರ್ ತಂದರೆ ದುಡ್ಡು ದಂಡ.

ಅದಕ್ಕೇ 200 ಲೀಟರಿನ ಡ್ರಮ್ಮು, ಗಡಿಯಾರ ಹಿಡಿಯಿರಿ. ಪಂಪು ಒಂದೆರಡು ಗಂಟೆ ಓಡಿದ ಮೇಲೆ ಅಳೆಯಿರಿ. 100 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2 ಲೀಟರ್, ಗಂಟೆಗೆ 7,200 ಲೀಟರ್. ಒಂದು ಎಕರೆಗೆ ಒಂದಿಂಚು ನೀರು ಕಟ್ಟಲು ಸುಮಾರು 1,03,000 ಲೀಟರ್ ಬೇಕು. ಅಂದರೆ ಪಂಪು 14 ಗಂಟೆಗೂ ಮೇಲೆ ಓಡಬೇಕು. ಭತ್ತವೋ ರಾಗಿಯೋ, ಈ ಲೆಕ್ಕ ಮಾಡಿ ತೀರ್ಮಾನಿಸಿ.