ಕುಂಡದ ತಳದಲ್ಲಿ ನಿಂತ ನೀರು

ಗಾಂಧಿನಗರ, ಚಾಮರಾಜಪೇಟೆಗಳ ತಾರಸಿಗಳ ಮೇಲೆ ತುಳಸಿಯೂ ದಾಸವಾಳವೂ ಕುಂಡಗಳಲ್ಲಿಯೇ ಬೆಳೆಯುತ್ತವೆ. ತಳದ ರಂಧ್ರದಿಂದ ಬೇರು ಹೊರಚಾಚಿದರೆ ಗಿಡಕ್ಕೆ ಹೊಸ ಕುಂಡ ಬೇಕೆಂದರ್ಥ. ಅದರ ತಳಕ್ಕೆ ಜಲ್ಲಿ ಹರಡಿದರೆ ನೀರು ಚೆನ್ನಾಗಿ ಬಸಿಯುವುದೆಂದು ಅನೇಕರು ನಂಬಿದ್ದಾರೆ. ಭೌತಶಾಸ್ತ್ರವು ಇದನ್ನು ಒಪ್ಪುವುದಿಲ್ಲ.

ಒಂದು ಮಿಲಿಮೀಟರ್ ವ್ಯಾಸದ ಗಾಜಿನ ನಾಳದಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರುವುದು. ನಾಳ ಕಿರಿದಾದಷ್ಟೂ ಏರಿಕೆ ಹೆಚ್ಚು. ಇದೇ ಕೇಶಾಕರ್ಷಣ. ಮಣ್ಣಿನ ಕಣಗಳ ನಡುವಣ ಸಣ್ಣ ಸಂದುಗಳೂ ಹೀಗೆಯೇ ನೀರನ್ನು ಹಿಡಿದಿಡುತ್ತವೆ. ಜಲ್ಲಿಯ ದೊಡ್ಡ ಸಂದುಗಳಿಗೆ ಆ ನೀರನ್ನು ಸೆಳೆದುಕೊಳ್ಳುವ ಶಕ್ತಿಯಿಲ್ಲ. ಮಣ್ಣಿನ ಕೆಳಪದರವು ಪೂರ್ತಿ ತೋಯುವವರೆಗೆ ನೀರು ಜಲ್ಲಿಗೆ ಇಳಿಯದು. ಪರಿಣಾಮವೇನು? ತಳದಲ್ಲಿರಬೇಕಾದ ಕೆಸರು ಜಲ್ಲಿಯ ಮೇಲೇರಿ ಬೇರುಗಳನ್ನು ಮುತ್ತುತ್ತದೆ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ ಬೇರು ಉಸಿರುಕಟ್ಟಿ ಕೊಳೆಯುತ್ತದೆ.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ನೋಡಬಹುದು. ಉದ್ದನೆಯ ಸ್ಪಂಜನ್ನು ನೀರಿನಲ್ಲಿ ನೆನೆಸಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುವುದು! ಚಪ್ಪಟೆಯಾದ ಕುಂಡಕ್ಕಿಂತ ಎತ್ತರವಾದುದು ಚೆನ್ನಾಗಿ ಬಸಿಯುವುದೂ ಇದೇ ಕಾರಣದಿಂದ.

ಆದುದರಿಂದ ಜಲ್ಲಿಯನ್ನು ಬಿಟ್ಟು, ನಮ್ಮ ಕೆಮ್ಮಣ್ಣಿಗೆ ದಪ್ಪ ಮರಳನ್ನೂ ಎಲೆಗೊಬ್ಬರವನ್ನೂ ಧಾರಾಳವಾಗಿ ಬೆರೆಸಿರಿ. ಹಳೆಯದಕ್ಕಿಂತ ಎರಡು ಅಂಗುಲ ಅಗಲವಾದ ಕುಂಡ ಸಾಕು. ರಂಧ್ರದ ಮೇಲೊಂದು ಹೆಂಚಿನ ಚೂರು ಇರಲಿ; ಅದು ಮಣ್ಣು ಸೋರದಂತೆ ತಡೆಯುವುದಕ್ಕೆ ಮಾತ್ರ.