ಅಂಗಡಿಗೆ ಬಾರದ ಸ್ಲೇಟು

ಟ್ಯಾಬ್ಲೆಟ್ ಕಂಪ್ಯೂಟರ್ ಎಂದೊಡನೆ ಬಹಳ ಜನರಿಗೆ ನೆನಪಾಗುವುದು 2010ರ ಐಪ್ಯಾಡ್. ಆದರೆ ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1989ರಲ್ಲಿ, ಅಮೆರಿಕದ ಗ್ರಿಡ್ ಸಿಸ್ಟಮ್ಸ್ ಕಂಪೆನಿಯು ಪರದೆಯ ಮೇಲೆ ಲೇಖನಿಯಿಂದ ಬರೆಯಬಹುದಾದ ಕಂಪ್ಯೂಟರೊಂದನ್ನು ಮಾರಾಟಕ್ಕೆ ತಂದಿತ್ತು. ಅದರ ಹೆಸರು ಗ್ರಿಡ್‌ಪ್ಯಾಡ್. ಆದರೆ ಸಾಮಾನ್ಯ ಗ್ರಾಹಕರ ಅಂಗಡಿಗೆ ಅದು ಬರಲೇ ಇಲ್ಲ. ಕಂಪೆನಿ ಅದನ್ನು ತಯಾರಿಸಿದ್ದೇ ದೊಡ್ಡ ಸಂಸ್ಥೆಗಳಿಗಾಗಿ, ಸರ್ಕಾರಿ ಇಲಾಖೆಗಳಿಗಾಗಿ.

ಸುಮಾರು ಎರಡು ಕಿಲೋ ತೂಕ, ಬಣ್ಣವಿಲ್ಲದ ಪರದೆ. ಕೀಲಿಮಣೆ ಇಲ್ಲ. ಒಳಗೆ ಅಂದಿನ ಎಂಎಸ್-ಡಾಸ್. ಬಿಡಿಬಿಡಿಯಾಗಿ ಬರೆದ ಇಂಗ್ಲಿಷ್ ಅಕ್ಷರಗಳನ್ನೂ ಅಂಕಿಗಳನ್ನೂ ಅದು ಗುರುತಿಸುತ್ತಿತ್ತು. ಕೂಡಿಸಿ ಬರೆದರೆ ಅದಕ್ಕೆ ತಿಳಿಯದು. ಬೆಲೆ 2,370 ಡಾಲರ್, ತಂತ್ರಾಂಶದ ಖರ್ಚು ಬೇರೆ.

ಇಷ್ಟು ದುಬಾರಿ ಯಂತ್ರವನ್ನು ಕೊಳ್ಳುವವರಾದರೂ ಯಾರು? ನಿಂತುಕೊಂಡೇ ಫಾರಂ ತುಂಬುವ ನೌಕರರಿರುವ ಸಂಸ್ಥೆಗಳು. ಗೋದಾಮಿನಲ್ಲಿ ಸರಕು ಎಣಿಸುವವರು, ತಪಾಸಣೆಗೆ ಹೋಗುವವರು ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕು. ಆಮೇಲೆ ಕಚೇರಿಯಲ್ಲಿ ಇನ್ನೊಬ್ಬರು ಅದನ್ನೇ ಕಂಪ್ಯೂಟರಿಗೆ ಬೆರಳಚ್ಚು ಮಾಡಬೇಕು. ಒಂದೇ ಕೆಲಸಕ್ಕೆ ಎರಡು ಸಂಬಳ, ಜೊತೆಗೆ ತಪ್ಪುಗಳು. ಗ್ರಿಡ್‌ಪ್ಯಾಡ್ ಈ ಎರಡನೆಯ ಕೆಲಸವನ್ನೇ ಇಲ್ಲವಾಗಿಸುತ್ತಿತ್ತು. ಇಂಥ ಉಳಿತಾಯದಿಂದ ಸಂಸ್ಥೆಗೆ ಯಂತ್ರದ ಬೆಲೆ ಹುಟ್ಟಬಹುದು. ಮನೆಯಲ್ಲಿ ತುಂಬಬೇಕಾದ ಫಾರಂ ಎಷ್ಟಿದ್ದೀತು? ಮೇಲಾಗಿ ಪ್ರತಿ ಸಂಸ್ಥೆಯ ಫಾರಂಗೂ ತಕ್ಕಂತೆ ತಂತ್ರಾಂಶ ಸಿದ್ಧಪಡಿಸಬೇಕಿತ್ತು. ಡಬ್ಬಿ ಬಿಚ್ಚಿ ಗುಂಡಿ ಒತ್ತಿದರೆ ಸಾಕು ಎನ್ನುವಂಥ ಸರಕು ಅದಾಗಿರಲಿಲ್ಲ. ಕಂಪೆನಿಯದು ಕೇವಲ ಬಿಂಕವಲ್ಲ, ಲೆಕ್ಕಾಚಾರ.

ಆದರೂ ಆಸೆ ಲೆಕ್ಕ ಕೇಳುವುದಿಲ್ಲವಲ್ಲ. ಕಚೇರಿ ಕೆಲಸಕ್ಕೆ ಇದನ್ನು ಬಳಸಿದವರಲ್ಲೇ ಕೆಲವರಿಗೆ ತಮ್ಮ ಸ್ವಂತ ವಿಳಾಸ, ಟಿಪ್ಪಣಿಗಳನ್ನೂ ಹೀಗೆಯೇ ಇಟ್ಟುಕೊಳ್ಳಬೇಕೆನಿಸಿತು. ಇದನ್ನು ಗಮನಿಸಿದವರು ಗ್ರಿಡ್‌ಪ್ಯಾಡಿನ ರೂವಾರಿ ಜೆಫ್ ಹಾಕಿನ್ಸ್. (ಮನುಷ್ಯನ ಮಿದುಳಿನ ಅಧ್ಯಯನವೇ ಅವರ ನಿಜವಾದ ಹುಚ್ಚು; ಮುಂದೆ ಅದಕ್ಕಾಗಿಯೇ ಸಂಸ್ಥೆ ಕಟ್ಟಿದರು.) 1992ರಲ್ಲಿ ಅವರು ಪಾಮ್ ಕಂಪೆನಿ ಆರಂಭಿಸಿದರು. ಮರುವರ್ಷ ಬಂದ ಜೂಮರ್ ಎಂಬ ಮೊದಲ ಯಂತ್ರ ಸೋತಿತು. ಆಮೇಲೆ ಹಾಕಿನ್ಸ್ ಅಂಗಿಯ ಜೇಬಿಗೆ ಹಿಡಿಸುವಷ್ಟು ಮರದ ತುಂಡೊಂದನ್ನು ಕತ್ತರಿಸಿಕೊಂಡು ಹೋದಲ್ಲೆಲ್ಲ ಒಯ್ಯತೊಡಗಿದರು. ಯಾರಾದರೂ ಭೇಟಿಗೆ ಸಮಯ ಕೇಳಿದರೆ ಜೇಬಿನಿಂದ ಆ ತುಂಡು ತೆಗೆದು, ಕಡ್ಡಿಯೊಂದರಿಂದ ಅದರ ಮೇಲೆ ಬರೆದಂತೆ ನಟಿಸುವುದು! ಯಂತ್ರಕ್ಕೆ ಎಷ್ಟು ಗಾತ್ರ ಬೇಕು, ಏನೇನು ಬೇಡ ಎಂಬುದು ತಿಳಿದದ್ದು ಹೀಗೆ. 1996ರಲ್ಲಿ ಪೈಲಟ್ ಹೊರಬಂತು, ಬೆಲೆ 299 ಡಾಲರಿನಿಂದ. ಈ ಬಾರಿ ಅಂಗಡಿಯಲ್ಲಿಯೇ ಸಿಗುವಂತಿತ್ತು. ಲಕ್ಷಗಟ್ಟಲೆ ಜನ ಕೊಂಡರು.

ಕಥೆಗೆ ಇನ್ನೊಂದು ತಿರುವಿದೆ. 2010ರಲ್ಲಿ ಪಾಮ್ ಕಂಪೆನಿಯನ್ನು ಎಚ್‌ಪಿ ಸುಮಾರು 120 ಕೋಟಿ ಡಾಲರಿಗೆ ಕೊಂಡಿತು. ಆ ವರ್ಷದ ಜನವರಿಯಲ್ಲಿ ಮೈಕ್ರೋಸಾಫ್ಟಿನ ಸ್ಟೀವ್ ಬಾಲ್ಮರ್ ವೇದಿಕೆಯ ಮೇಲೆ ಎತ್ತಿ ತೋರಿಸಿದ್ದ ಎಚ್‌ಪಿ ಸ್ಲೇಟು ಅಕ್ಟೋಬರಿನಲ್ಲಿ ಹೊರಬಂದದ್ದು ವಾಣಿಜ್ಯ ಗ್ರಾಹಕರಿಗಾಗಿ, 799 ಡಾಲರಿಗೆ. ಜನಸಾಮಾನ್ಯರಿಗೆಂದು ಪಾಮ್‌ನ ತಂತ್ರಾಂಶದೊಡನೆ 2011ರ ಜುಲೈನಲ್ಲಿ ಟಚ್‌ಪ್ಯಾಡ್ ಬಂತು. ಎರಡು ತಿಂಗಳು ತುಂಬುವ ಮೊದಲೇ ಕಂಪೆನಿ ಅದನ್ನು ಕೈಬಿಟ್ಟಿತು; ದಾಸ್ತಾನನ್ನು 99 ಡಾಲರಿಗೆ ಇಳಿಸಿದಾಗ ಜನ ಮುಗಿಬಿದ್ದರು. ಸಂಸ್ಥೆಗಳಿಗೆ ಮೀಸಲಾದ ಸ್ಲೇಟಿನ ಎರಡನೆಯ ಮಾದರಿ ಮಾತ್ರ ಅದೇ ನವೆಂಬರಿನಲ್ಲಿ ಪ್ರಕಟವಾಯಿತು.