ಮಳೆ, ಗೊಬ್ಬರ ಮತ್ತು ಮಣ್ಣಿನ ಜೀವಿಗಳು

ಬೇಸಿಗೆಯ ಕೊನೆಗೆ ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಘಮಲು ನಿಮಗೆಲ್ಲ ಗೊತ್ತು. ಅದಕ್ಕೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಅದನ್ನು ಹೆಚ್ಚಾಗಿ ತಯಾರಿಸುವುದು ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾಗಳು. 1943ರಲ್ಲಿ ಕ್ಷಯರೋಗದ ಔಷಧಿ ಸ್ಟ್ರೆಪ್ಟೊಮೈಸಿನ್ ದೊರೆತದ್ದೂ ಇದೇ ಕುಲದ ಜೀವಿಯಿಂದ. ಫಲವತ್ತಾದ ಒಂದು ಗ್ರಾಂ ಮಣ್ಣಿನಲ್ಲಿ ಇಂಥ ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ಇರುತ್ತವೆ. ಅವು ಕಸಕಡ್ಡಿಯನ್ನು ಕೊಳೆಸಿ ಪೋಷಕಾಂಶ ಬಿಡುಗಡೆ ಮಾಡುತ್ತವೆ. ಅಂಟು ಸ್ರವಿಸಿ ಮಣ್ಣಿನ ಕಣಗಳನ್ನು ಹರಳುಗಟ್ಟಿಸುತ್ತವೆ. ಹರಳುಗಟ್ಟಿದ ಮಣ್ಣಿನಲ್ಲಿ ನೀರು ಚೆನ್ನಾಗಿ ಇಂಗುತ್ತದೆ.

ಮಳೆ ಮಾಡುವ ಕೆಲಸ

ಒಣಗಿದ ನೆಲದಲ್ಲಿ ಎಷ್ಟೋ ಜೀವಿಗಳು ಸಾಯುತ್ತವೆ, ಉಳಿದವು ಸುಪ್ತಾವಸ್ಥೆಗೆ ಹೋಗುತ್ತವೆ. ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಬದುಕಿದವು ಎಚ್ಚೆತ್ತು, ಸತ್ತವುಗಳ ಅವಶೇಷವನ್ನೂ ಕೂಳೆಯನ್ನೂ ತಿನ್ನತೊಡಗುತ್ತವೆ. ಆಗ ಸಾಕಷ್ಟು ಸಾರಜನಕ ಬಿಡುಗಡೆಯಾಗುತ್ತದೆ. ಹದ ಮಳೆಗೆ ಬಿತ್ತಬೇಕೆಂದು ರೈತರು ಅವಸರಪಡುವುದರ ಲಾಭಗಳಲ್ಲಿ ಇದೂ ಒಂದು. ಹೀರಿಕೊಳ್ಳಲು ಬೇರುಗಳಿಲ್ಲದಿದ್ದರೆ ಮುಂದಿನ ಜೋರು ಮಳೆ ಈ ನೈಟ್ರೇಟನ್ನು ಆಳಕ್ಕೆ ಕೊಚ್ಚಿಕೊಂಡು ಹೋಗುತ್ತದೆ. ನೀರು ನಿಂತರೆ ಮಣ್ಣಿನಲ್ಲಿ ಗಾಳಿಯಾಡುವುದಿಲ್ಲ. ಆಗ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿ, ಸಾರಜನಕವನ್ನು ಅನಿಲವಾಗಿ ಗಾಳಿಗೆ ಸೇರಿಸುತ್ತವೆ. ಜೋರು ಮಳೆಯ ಮುನ್ಸೂಚನೆ ಇರುವಾಗ ಯೂರಿಯಾ ಹಾಕಬಾರದು ಎನ್ನುವುದು ಇದೇ ಕಾರಣಕ್ಕೆ.

ಗೊಬ್ಬರ ಯಾರಿಗೆ ಊಟ?

100 ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕವಿದೆ. ಅದನ್ನು ಅಮೋನಿಯಂ ಆಗಿ, ಬಳಿಕ ನೈಟ್ರೇಟ್ ಆಗಿ ಬದಲಿಸುವವು ಸೂಕ್ಷ್ಮಜೀವಿಗಳೇ. ಈ ಎರಡನೆಯ ಹಂತದಲ್ಲಿ ಆಮ್ಲ ಉತ್ಪತ್ತಿಯಾಗುತ್ತದೆ. ಸುಣ್ಣದ ಅಂಶ ಕಡಿಮೆಯಿರುವ ಕೆಂಪು ಮಣ್ಣು ಇದರಿಂದ ಬೇಗ ಹುಳಿಯಾಗುತ್ತದೆ. ಹುಳಿ ಹೆಚ್ಚಾದಂತೆ ಕಡಲೆಕಾಯಿ, ತೊಗರಿಯ ಬೇರುಗಂಟಿನಲ್ಲಿರುವ ರೈಜೋಬಿಯಂ ಸೊರಗುತ್ತದೆ. ಇನ್ನೊಂದು ಸಂಗತಿಯೆಂದರೆ, ಹೆಚ್ಚಿನ ಸೂಕ್ಷ್ಮಜೀವಿಗಳಿಗೆ ಶಕ್ತಿ ಸಿಗುವುದು ಸಾವಯವ ಇಂಗಾಲದಿಂದ. ಯೂರಿಯಾದಿಂದ ಆ ಶಕ್ತಿ ಸಿಗದು. ಕೊಟ್ಟಿಗೆ ಗೊಬ್ಬರ, ಹಸಿರೆಲೆ, ಕೂಳೆಗಳಿಂದ ಸಿಗುತ್ತದೆ.

ಹಾಗಾದರೆ ರಾಸಾಯನಿಕ ಗೊಬ್ಬರ ಬೇಡವೇ? ಬೇಕು. ಬೆಳೆ ಹುಲುಸಾದರೆ ಮಣ್ಣಿಗೆ ಬೇರು, ಕೂಳೆ ಹೆಚ್ಚು ಸೇರುತ್ತವೆ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೆಂಪು ಮಣ್ಣಿನಲ್ಲಿ 1978ರಲ್ಲಿ ಆರಂಭವಾದ ಮಳೆಯಾಶ್ರಿತ ರಾಗಿಯ ದೀರ್ಘಾವಧಿ ಪ್ರಯೋಗ ಇದಕ್ಕೆ ಸಾಕ್ಷಿ. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ಶಿಫಾರಸು ಮಾಡಿದ ಪ್ರಮಾಣದ ರಾಸಾಯನಿಕ ಗೊಬ್ಬರ ಪಡೆದ ತಾಕುಗಳು, ಬರೀ ರಾಸಾಯನಿಕ ಗೊಬ್ಬರ ಪಡೆದ ತಾಕುಗಳಿಗಿಂತ ವರ್ಷ ವರ್ಷವೂ ಸ್ಥಿರವಾದ ಇಳುವರಿ ಕೊಟ್ಟವು. ಮಣ್ಣಿನ ಸಾವಯವ ಇಂಗಾಲವೂ ಅಲ್ಲಿ ಹೆಚ್ಚಾಗಿ ಉಳಿಯಿತು. ಮಳೆಯನ್ನೇ ನಂಬಿದ ಸಣ್ಣ ರೈತನಿಗೆ ಇದು ಮನೆಯ ಕಣಜದ ಪ್ರಶ್ನೆ.

ನೀವೇ ಮಾಡಿ ನೋಡಿ

ಒಂದೇ ಅಳತೆಯ ಎರಡು ಶುದ್ಧ ಹತ್ತಿ ಬಟ್ಟೆಯ ತುಂಡು ತೆಗೆದುಕೊಳ್ಳಿ. ಮಳೆಗಾಲದಲ್ಲಿ ಒಂದನ್ನು ಕೊಟ್ಟಿಗೆ ಗೊಬ್ಬರ ಹಾಕಿದ ನೆಲದಲ್ಲಿ, ಇನ್ನೊಂದನ್ನು ಹಾಕದ ನೆಲದಲ್ಲಿ ಗೇಣುದ್ದ ಆಳಕ್ಕೆ ಹೂತು ಗುರುತಿಡಿ. ಎರಡು ತಿಂಗಳ ನಂತರ ತೆಗೆದು ಹೋಲಿಸಿ. ಯಾವುದು ಹೆಚ್ಚು ಜೀರ್ಣವಾಗಿದೆಯೋ ಅಲ್ಲಿ ಜೀವಿಗಳ ಚಟುವಟಿಕೆ ಹೆಚ್ಚು. ಆ ಅವಧಿಯಲ್ಲಿ ಮಳೆ ಬಂದ ದಿನಗಳನ್ನೂ ಬರೆದಿಡಿ. ಮರುವರ್ಷ ಪ್ರಯೋಗವನ್ನು ಪುನಃ ಮಾಡಿದರೆ ಮಳೆಯ ಪ್ರಭಾವವೂ ನಿಮಗೆ ತಿಳಿಯುತ್ತದೆ.